ಎಡಗಿವಿಗೆ ಪೆನ್ಸಿಲ್, ಬಲಗಿವಿಗೆ ಪೆನ್

ನಮ್ಮ ಆಫೀಸಿನ ಕಾಕಾ ಅವರ ಎಡಗಿವಿಯ ಮೇಲೆ ಒಂದು ಹಳದಿ ಮೊಂಡು ಪೆನ್ಸಿಲ್ ಇರುತ್ತಿತ್ತು, ಬಲಗಿವಿಯ ಮೇಲೆ ನೀಲಿ ಬಾಲ್‌ಪೆನ್. ಕೆಲಸಕ್ಕೆ ಸೇರಿದ ಮೇಲೆ ಹನ್ನೊಂದು ತಿಂಗಳು ನಾನು ಕಬ್ಬಿನ ಹಾಲಿನ ಅಂಗಡಿಯಿಂದ ಹಳದಿಯದೊಂದು, ನೀಲಿಯದೊಂದು ಸ್ಟ್ರಾ ತಂದು ಕಿವಿಗೆ ಸಿಕ್ಕಿಸಿಕೊಂಡು, ಅವರನ್ನು ಅಣಕಿಸಿ ಆಫೀಸನ್ನು ನಗಿಸಿದೆ. ಹನ್ನೆರಡನೆಯ ತಿಂಗಳಲ್ಲಿ ಫೋನಿನ ಮೇಲೆ ಒಂದು ಹಸಿರು ಬಟನ್ ಒತ್ತಿ ಒಬ್ಬ ಮನುಷ್ಯನನ್ನು ಕೊಲ್ಲುವುದರಲ್ಲಿದ್ದೆ. ಒತ್ತಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಬೇಕಾದ ಹೊತ್ತಿನಲ್ಲಿ ಎರಡು ದಿನ ಬಾಯಿ ಹೊಲಿದುಕೊಂಡು ಕೂತಿದ್ದೆ. ಆ ಎರಡು ದಿನದ ಸಿಟ್ಟು ಇನ್ನೂ ಇಳಿದಿಲ್ಲ. ಅರ್ಧ ಸಿಟ್ಟು ನಮ್ಮ ಸೇಠ್ ಮೇಲೆ, ಉಳಿದರ್ಧ ಕನ್ನಡಿ ನೋಡಿದಾಗ ಬರುತ್ತದೆ.

ನಮ್ಮದು ಲಿಫ್ಟ್ ರಿಪೇರಿ ಕಂಪನಿ. ಆಫೀಸು ಮುಂಬೈಯ ದಾದರ್‌ನಲ್ಲಿ, ಬಳೆ ಅಂಗಡಿಯ ಮೇಲೆ ಮೂರನೇ ಮಹಡಿ. ಆ ಬಿಲ್ಡಿಂಗಿಗೇ ಲಿಫ್ಟ್ ಇಲ್ಲ. ಈ ಜೋಕನ್ನು ಬಂದವರಿಗೆಲ್ಲ ಹೇಳುತ್ತಿದ್ದೆ. ಮೂರು ಮಹಡಿ ಹತ್ತಿ ಬಂದವರು ಯಾರೂ ನಗುತ್ತಿರಲಿಲ್ಲ. ಮಾಲೀಕರಾದ ಸೇಠ್ ಬೆಳಗಾವಿಯವರು. ಕಾಕಾ ವಿಜಯಪುರದವರು, ಮಂಡಿ ಸವೆಯುವವರೆಗೂ ಮೆಕ್ಯಾನಿಕ್ ಆಗಿದ್ದು, ಆಮೇಲೆ ಸುಪರ್‌ವೈಸರ್ ಆಗಿ ಕುರ್ಚಿಗೆ ಬಂದವರು. ನಾನು ಬೊರಿವಲಿಯವನು, ಆಫೀಸಿನ ಟೈಪಿಂಗ್ ಹುಡುಗ. ಮನೆಯವರು ಮೈಸೂರು ಕಡೆಯವರು, ನನ್ನ ಕನ್ನಡ ಮಾತ್ರ ಅರ್ಧ ಅಮ್ಮನದು, ಅರ್ಧ ಲೋಕಲ್ ಟ್ರೇನಿನದು.

ಕಾಕಾರ ಕ್ರಮ ಒಂದೇ. ಕಂಪ್ಲೇಂಟ್ ಫೋನ್ ಬಂದರೆ ಎಡಗೈ ಮೇಲೆದ್ದು ಪೆನ್ಸಿಲ್ ತೆಗೆಯುತ್ತಿತ್ತು. ಬರೆಯುವುದು ಕಚ್ಚಾ ಬುಕ್ಕಿನಲ್ಲಿ. ಕೆಲಸ ಮುಗಿಸಿದ ಮೆಕ್ಯಾನಿಕ್ ತನ್ನ ಬಾಯಿಂದಲೇ 'ಆತು ಕಾಕಾ' ಅಂದ ಮೇಲೆ ಬಲಗೈ ಪೆನ್ ತೆಗೆಯುತ್ತಿತ್ತು. ಅದು ಪಕ್ಕಾ ಬುಕ್ಕಿಗೆ. ಕಟ್ಟಡಗಳಿಗೆ ಬೇರೆಯೇ ಒಂದು ಬುಕ್ಕು, ಅದರಲ್ಲಿ ಪ್ರತಿ ಲಿಫ್ಟಿಗೂ ಒಂದೊಂದು ನಂಬರು. ಮೂರು ಬುಕ್ಕಿನ ಕಾಗದ ಒಂದಕ್ಕೊಂದು ತಾಕಿದರೂ ಅವರಿಗೆ ಆಗುತ್ತಿರಲಿಲ್ಲ, ನಡುವೆ ರಟ್ಟು ಇಡುತ್ತಿದ್ದರು. ಒಮ್ಮೆ ಸ್ಟ್ರಾ ಸಿಕ್ಕಿಸಿಕೊಂಡು ಕುಣಿಯುತ್ತಿದ್ದವನ ಹಿಂದೆಯೇ ಬಂದು ನಿಂತುಬಿಟ್ಟರು. ಬೈಯುತ್ತಾರೆ ಅಂದುಕೊಂಡೆ. ನನ್ನ ಕಿವಿ ನೋಡಿ, "ಪೆನ್ಸಿಲ್ ಬಲಗಿವಿಗೆ ಹಾಕೀಯಲ್ಲೋ ತಮ್ಮಾ, ನಕಲಿ ಮಾಡಾಕೂ ಬರೋಬ್ಬರಿ ಬರಂಗಿಲ್ಲ ನಿನಗ" ಅಂದು ಕುರ್ಚಿಗೆ ಹೋದರು. ಆಫೀಸು ಅವತ್ತು ನನ್ನನ್ನು ನೋಡಿ ನಕ್ಕಿತು.

ಅಷ್ಟರಲ್ಲಿ ಸೇಠ್ ಎಲ್ಲೋ ಒಂದು ಸೆಮಿನಾರಿಗೆ ಹೋಗಿ ಬಂದರು. ಕೋಡ್ ಬರೆಯದೆ, ಪರದೆಯ ಮೇಲೆ ಡಬ್ಬಿ ಎಳೆದು ಡಬ್ಬಿಗೆ ಅಂಟಿಸಿದರೆ ಯಾರು ಬೇಕಾದರೂ ಆಪ್ ಮಾಡಬಹುದಂತೆ. ಯಾರು ಬೇಕಾದರೂ ಅಂದಾಗ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನಾನೂ ಕಾಲರ್ ಎತ್ತಿದೆ. ನಾಲ್ಕು ದಿನದಲ್ಲಿ ಆಪ್ ತಯಾರು. ಕಟ್ಟಡ, ಕಂಪ್ಲೇಂಟ್, ಮೆಕ್ಯಾನಿಕ್, ವಾಚ್‌ಮನ್ ನಂಬರು, ಎಲ್ಲವೂ ಒಂದೇ ಶೀಟಿನಲ್ಲಿ, ಆ ಶೀಟು ನನ್ನ ಸ್ವಂತ ಇಮೇಲ್ ಖಾತೆಯಲ್ಲಿ.

ಕಾಕಾ ಕನ್ನಡಕ ಏರಿಸಿ ನೋಡಿದರು. ಕಟ್ಟಡ ಜಾಗ ಬಿಟ್ಟು ಕದಲುವುದಿಲ್ಲ, ಕಂಪ್ಲೇಂಟ್ ದಿನಾ ಓಡಾಡುತ್ತದೆ, ಎರಡನ್ನೂ ಒಂದೇ ಹಾಳೆಯ ಮೇಲೆ ಯಾಕೆ ಬರೆದೆ ಎಂದು ಕೇಳಿದರು. ನೀನು ನಾಳೆ ಕೆಲಸ ಬಿಟ್ಟರೆ ಇದೆಲ್ಲ ಯಾರ ಮನೆಯಲ್ಲಿರುತ್ತದೆ ಎಂದು ಕೇಳಿದರು. ಮೂರನೆಯದನ್ನು ಮಾತ್ರ ಎರಡು ಸಲ ಕೇಳಿದರು:

"ಇದರಾಗ ಕಚ್ಚಾ ಎಲ್ಲೈತಿ?"

ಕಚ್ಚಾ ಗಿಚ್ಚಾ ಇಲ್ಲ ಕಾಕಾ, ಎಲ್ಲ ಡೈರೆಕ್ಟ್ ಪಕ್ಕಾ ಅಂದೆ, ಅವರದೇ ದನಿಯಲ್ಲಿ. ಎಲ್ಲರೂ ನಕ್ಕರು. ಕಲಿಯಲು ಒಂದು ಜಾಗ, ನಾಲ್ಕು ಮೆಕ್ಯಾನಿಕ್‌ಗಳ ಕೈಯಲ್ಲಿ ಕೊಟ್ಟು ಪರೀಕ್ಷಿಸಲು ಇನ್ನೊಂದು ಜಾಗ, ಆಮೇಲೆ ನಿಜವಾದದ್ದು ಮೂರನೆಯ ಜಾಗ, ಹೀಗೆ ಬೇರೆ ಬೇರೆ ಇಡು ಎಂದರು ಕಾಕಾ. ಇವತ್ತು ಇದನ್ನೇ ನಾನು ಹೊಸಬರಿಗೆ ದೊಡ್ಡ ಮನುಷ್ಯನ ಹಾಗೆ ಪಾಠ ಮಾಡುತ್ತೇನೆ. ಕಲಿಯುವ ಜಾಗದ ಪರದೆಗೆ ಪೆನ್ಸಿಲ್ಲಿನ ಹಳದಿ ಬಣ್ಣ, ನಿಜವಾದದ್ದಕ್ಕೆ ಪೆನ್ನಿನ ನೀಲಿ. ಕಾಕಾ ತೀರಿಕೊಂಡು ಒಂದು ಮಳೆಗಾಲ ಕಳೆದಿದೆ, ಬಣ್ಣ ಬದಲಾಯಿಸಿಲ್ಲ. ಆವತ್ತು ಮಾತ್ರ, ಮೂರು ಜಾಗ ಕಟ್ಟಲು ಹದಿನೈದು ದಿನ ಬೇಕು ಎಂದು ನಾನು ಅಂದಾಗ ಸೇಠ್, ಸೋಮವಾರವೇ ಶುರು, ಕಾಕಾನ ಮಾತು ಕೇಳಿದರೆ ನಾವಿನ್ನೂ ಮೆಟ್ಟಿಲು ರಿಪೇರಿ ಮಾಡುತ್ತಿರುತ್ತೇವೆ ಅಂದರು. ಆ ಮಾತಿಗೂ ನಾನು ನಕ್ಕೆ.

ಸೇಠ್ ಇನ್ನೊಂದು ಕೆಲಸ ಮಾಡಿದರು. ನಮ್ಮಲ್ಲಿ ಮೆಕ್ಯಾನಿಕ್ ಲಿಫ್ಟಿನ ಕ್ಯಾಬಿನ್ನಿನ ಮೇಲೆ ಹತ್ತುವ ಮೊದಲು, ಅದು ಕದಲದಂತೆ ಟೆರೇಸಿನ ಮೇನ್ ಸ್ವಿಚ್ ಇಳಿಸಿ, ಅದಕ್ಕೆ ತನ್ನದೇ ಬೀಗ ಜಡಿದು, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುವುದು ಪದ್ಧತಿ. ಅದು ಕಾಕಾ ಹಾಕಿಕೊಟ್ಟದ್ದು. ಕೆಲವರು ಬೀಗ ತೆಗೆಯಲು ಮರೆತು ಹೋಗುತ್ತಾರೆ, ಕಟ್ಟಡದ ಸೊಸೈಟಿಯವರು ಕೂಗಾಡುತ್ತಾರೆ, ಇನ್ನು ಬೀಗ ಬೇಡ, ಆಪಿನಿಂದ 'ಕೆಲಸ ಮುಗಿದಿದೆ' ಅಂತ ಮೆಸೇಜ್ ಹೋದರೆ ವಾಚ್‌ಮನ್ನೇ ಸ್ವಿಚ್ ಏರಿಸಲಿ ಎಂದರು ಸೇಠ್. ಕಾಕಾ ಪಕ್ಕಾ ಬುಕ್ಕು ಮುಚ್ಚಿ ಎದ್ದರು. ಸಂಜೆ ದಾದರ್ ಪ್ಲಾಟ್‌ಫಾರಂ ಮೇಲೆ ಒಬ್ಬೊಬ್ಬ ಮೆಕ್ಯಾನಿಕ್‌ನನ್ನೂ ಹಿಡಿದು, ಆಪ್ ಏನಾದರೂ ಹೇಳಲಿ, ಬೀಗ ಹಾಕುವುದು ಬಿಡಬೇಡಿ ಎಂದರಂತೆ.

ಅದು ಒಂದು ಮಧ್ಯಾಹ್ನ. ಆಪಿನಲ್ಲಿ 'ಕೆಲಸ ಮುಗಿದಿದೆ' ಅನ್ನುವ ಹಸಿರು ಬಟನ್ ಹೇಗೆ ಕೆಲಸ ಮಾಡುತ್ತದೆ ಎಂದು ತೋರಿಸಲು ಸೇಠ್ ಕರೆದರು. ಪರೀಕ್ಷೆಗೆಂದು ನಾನು ಹಾಕಿಟ್ಟಿದ್ದ ಸುಳ್ಳು ಕಂಪ್ಲೇಂಟುಗಳು ನಿಜವಾದವುಗಳ ನಡುವೆಯೇ ಇದ್ದವು. 'ಸೇಠ್ ಹೊಟ್ಟೆ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದೆ' ಅನ್ನುವುದೂ ಒಂದು. ಪಟ್ಟಿಯ ಮೇಲ್ತುದಿಯಲ್ಲಿದ್ದದ್ದು ನನ್ನದೇ ಸುಳ್ಳು ಅಂದುಕೊಂಡು, ಸೇಠ್ ಕಡೆ ನೋಡುತ್ತಾ ಸ್ಟೈಲಾಗಿ ಒತ್ತಿದೆ. ಆ ಹೊತ್ತಿಗೆ ಬೊರಿವಲಿಯ ಒಂದು ನಿಜವಾದ ಕೆಲಸ ಅದರ ಮೇಲೆ ಬಂದು ಕೂತಿತ್ತು. ನಮ್ಮ ಮೆಕ್ಯಾನಿಕ್ ಅಲ್ಲಿ ನಾಲ್ಕು ಮತ್ತು ಐದನೇ ಮಹಡಿಯ ನಡುವೆ ಕ್ಯಾಬಿನ್ನಿನ ಮೇಲೆ ನಿಂತಿದ್ದ. ವಾಚ್‌ಮನ್‌ಗೆ ಮೆಸೇಜ್ ಹೋಯಿತು. ಕೆಳಗೆ ತರಕಾರಿ ಚೀಲ ಹಿಡಿದವರು ಲಿಫ್ಟಿನ ಬಟನ್ ಒತ್ತಿ ಒತ್ತಿ ಕಾಯುತ್ತಿದ್ದರು. ವಾಚ್‌ಮನ್ ಟೆರೇಸಿಗೆ ಓಡಿದ. ಸ್ವಿಚ್ಚಿಗೆ ಬೀಗ ಇತ್ತು.

ಅವನು ಆಫೀಸಿಗೆ ಫೋನ್ ಮಾಡಿ ಬೈದಾಗ ಎತ್ತಿದ್ದು ಕಾಕಾ. ಎಡಗೈ ಪೆನ್ಸಿಲ್ಲಿನವರೆಗೆ ಹೋಗಿ ಹಾಗೇ ನಿಂತಿತು. ಮೆಕ್ಯಾನಿಕ್‌ಗೆ ಫೋನ್ ಹಚ್ಚಿ, ಕೆಳಗಿಳಿದು ಚಹಾ ಕುಡಿ, ಮತ್ತೆ ಹತ್ತಬೇಡ ಅಂದರು. ನನ್ನ ಕಡೆ ನೋಡಿದರು. ನಾನು ಚಪ್ಪಲಿ ನೋಡಿಕೊಂಡೆ.

ಮರುದಿನ ಆ ಸೊಸೈಟಿಯಿಂದ ಪತ್ರ ಬಂತು: ಲಿಫ್ಟ್ ಸರಿಯಾಗಿದೆ ಎಂದು ಮೆಸೇಜ್ ಕಳಿಸಿ, ಬೀಗ ಜಡಿದು ಜನರನ್ನು ಮೆಟ್ಟಿಲು ಹತ್ತಿಸಿದ್ದೀರಿ. ಸೇಠ್‌ಗೆ ಅಷ್ಟೇ ಸಾಕಾಯಿತು. ಹೊಸ ಪದ್ಧತಿ ಮುರಿದು ಮೆಕ್ಯಾನಿಕ್‌ಗಳಿಗೆ ಬೀಗ ಹಾಕಲು ಹೇಳಿಕೊಟ್ಟದ್ದಕ್ಕೆ ಕಾಕಾರನ್ನು ಕೆಲಸದಿಂದ ಬಿಡಿಸುವ ಪತ್ರ ತಯಾರಾಯಿತು. ಜೀವ ಉಳಿಸಿದ ಬೀಗವೇ ಅಪರಾಧ. ಅದನ್ನು ಟೈಪ್ ಮಾಡಿದ್ದು ಯಾರು ಗೊತ್ತೇ? ಆಪ್ ಮಾಡಿದ ಇದೇ ಹತ್ತು ಬೆರಳು. ಟೈಪ್ ಮಾಡಿದೆ, ಕಾಗುಣಿತ ತಿದ್ದಿದೆ, ಪ್ರಿಂಟ್ ತೆಗೆದೆ, ಬಾಯಿ ಬಿಡಲಿಲ್ಲ. ಥೂ ಅನ್ನಬೇಕು ಅನ್ನಿಸಿದರೆ ಓದುವವರು ಇಲ್ಲಿ ಅನ್ನಬಹುದು, ನಾನು ಕಾಯುತ್ತೇನೆ.

ಶನಿವಾರ ಮೀಟಿಂಗ್. ಮೆಕ್ಯಾನಿಕ್‌ಗಳೆಲ್ಲ ಗೋಡೆಗೆ ಒರಗಿ ನಿಂತಿದ್ದರು, ಬೊರಿವಲಿಗೆ ಹೋಗಿದ್ದವನೂ ಇದ್ದ, ಉಡಿದಾರದಲ್ಲಿ ಕೀಲಿ. ಸೇಠ್ ಪತ್ರ ಓದತೊಡಗಿದರು. ಎರಡನೇ ಸಾಲಿಗೆ ನನ್ನ ಬಾಯಿ ತಾನಾಗಿ ತೆರೆಯಿತು. ಇವನು ಮೇಲೆ ನಿಂತಿದ್ದಾಗ ಬಟನ್ ಒತ್ತಿದ್ದು ನಾನು, ನೀವು ಪಕ್ಕದಲ್ಲೇ ಇದ್ದಿರಿ ಅಂದೆ. ಮೊದಲ ಸಲ ನನ್ನ ಸ್ವಂತ ದನಿಯಲ್ಲಿ ಮಾತಾಡಿದೆ, ಅದು ಕೀರಲಾಗಿತ್ತು.

ಸೇಠ್ ನಕ್ಕುಬಿಟ್ಟರು. "ಅದು ಟೆಸ್ಟಿಂಗ್ ಇತ್ತಲ್ಲೋ. ಟೆಸ್ಟಿಂಗ್‌ದಾಗ ಇಷ್ಟೆಲ್ಲಾ ಆಗೂದ. ಯಾರರ ಸತ್ತಾರೇನು?"

ಕಾಕಾ ಎದ್ದರು. ಎಡಗಿವಿಯ ಪೆನ್ಸಿಲ್ ತೆಗೆದು ಸೇಠ್ ಮುಂದೆ ಇಟ್ಟರು. ಆಮೇಲೆ ಅವರು ಆಡಿದ ಮಾತಿಗೆ ಸೇಠ್ ಪತ್ರವನ್ನು ಮಡಚಿ ಜೇಬಿಗೆ ತುರುಕಿಕೊಂಡರು, ಬೀಗದ ಪದ್ಧತಿ ವಾಪಸು ಬಂತು, ಮೂರು ಜಾಗ ಕಟ್ಟಲು ನನಗೆ ಹದಿನೈದು ದಿನವೂ ಸಿಕ್ಕಿತು. ಊರಿನವರೆಲ್ಲರ ದನಿ ತೆಗೆಯುವ ನನಗೆ ಅವರ ಆವತ್ತಿನ ದನಿ ಮಾತ್ರ ಇಂದಿಗೂ ಬಂದಿಲ್ಲ. ಏರಿಸಲಿಲ್ಲ, ಇಳಿಸಲೂ ಇಲ್ಲ, ಕಂಪ್ಲೇಂಟ್ ಬರೆದುಕೊಳ್ಳುವವರ ಹಾಗೆ ಹೇಳಿದರು:

"ಬರೋಬ್ಬರಿ ಸೇಠ್. ಸೋಮವಾರ ಇನ್ನೊಂದು ಟೆಸ್ಟಿಂಗ್ ಇಡೂಣು. ಕ್ಯಾಬಿನ್ ಮ್ಯಾಲೆ ನೀವು ನಿಂದರ್ರಿ, ಬಟನ್ ಇವಾ ಒತ್ತತಾನ."