ಮೌಸ್ ಹಿಡಿದವನ ಆಟ

ಭಾನುವಾರ ಬೆಳಿಗ್ಗೆಯ ನನ್ನ ಕೆಲಸಗಳಿಗೆ ಒಂದು ಕ್ರಮವಿದೆ. ಬಾಗಿಲಿಗೆ ನೇತುಹಾಕಿದ ಚೀಲದಿಂದ ಹಾಲಿನ ಪ್ಯಾಕೆಟ್ ತೆಗೆದು ಒಲೆಯ ಮೇಲಿಡುವುದು, ಅದು ಉಕ್ಕುವಷ್ಟರಲ್ಲಿ ಮನೆಯ ಕಿಟಕಿಗಳನ್ನೆಲ್ಲ ತೆರೆಯುವುದು, ಗಂಡನ ಕಾಫಿಯನ್ನು ಅವರ ದಿಂಬಿನ ಪಕ್ಕ ಇಟ್ಟು "ಆರೋಗತ್ತೆ" ಎಂದು ಒಂದೇ ಒಂದು ಸಲ ಹೇಳುವುದು. ಆಮೇಲೆ ಸ್ಟೀಲ್ ಡಬ್ಬಿ ಹಿಡಿದು ಆಟೋ ಹತ್ತಿ ಶಿವಾಜಿನಗರಕ್ಕೆ ಹೋಗುವುದು. ಹಲಸೂರಿನಲ್ಲೂ ಮಟನ್ ಅಂಗಡಿಗಳಿಗೆ ಬರವಿಲ್ಲ. ಆದರೆ ಅಪ್ಪ ಶಿವಾಜಿನಗರದಿಂದ ತರುತ್ತಿದ್ದರು, ಹಾಗಾಗಿ ನಾನೂ ತರುತ್ತೇನೆ. ಕೆಲವು ಅಭ್ಯಾಸಗಳಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

"ಕೈಮ ಸಣ್ಣಕ್ಕಾ ಬಾಜಿ, ದಪ್ಪಕ್ಕಾ?" ಎಂದರು, ಹೆಂಗಸರನ್ನೆಲ್ಲ ಅಕ್ಕ ಎನ್ನುವಂತೆ ಬಾಜಿ ಎನ್ನುವ ಅಂಗಡಿಯವರು.

"ಸಣ್ಣಕ್ಕೆ. ಉಂಡೆ ಸಾರಿಗೆ. ಅರ್ಧ ಕೇಜಿ."

"ಮೆಹಮಾನ್ ಬರ್ತಾರಾ?"

"ಅಣ್ಣ ಬರ್ತಾನೆ."

"ಅಣ್ಣ ಬಂದ್ರೆ ಅರ್ಧ ಕೇಜೀನಾ? ಕ್ಯಾ ಬಾಜಿ, ಕೇಳಿದ್ರೆ ಅಣ್ಣ ಬೇಜಾರ್ ಮಾಡ್ಕೊಳ್ತಾರೆ!"

ಮುಕ್ಕಾಲು ಮಾಡಿಸಿಕೊಂಡು ಮನೆಗೆ ಬಂದೆ. ಗಂಡ ಆಗಲೇ ಎದ್ದು, ಲುಂಗಿಯಲ್ಲಿ, ಟಿವಿಯ ಮುಂದೆ ಕೂತಿದ್ದರು. ಕಾಫಿ ಆರಿತ್ತು. ಟಿವಿಯಲ್ಲಿ ಹಿಮ ಬೀಳುತ್ತಿತ್ತು. ಹಿಮದ ನಡುವೆ ಒಂದು ಹೋಟೆಲು, ಬಾಗಿಲಲ್ಲಿ ಉದ್ದ ಕೋಟಿನ ಒಬ್ಬ ಮನುಷ್ಯ. ನನ್ನ ಕೈಯಲ್ಲಿದ್ದ ಡಬ್ಬಿ ಜಾರಲಿಲ್ಲ, ಅಂಥದ್ದೇನೂ ಆಗಲಿಲ್ಲ. ಆದರೆ ಚಪ್ಪಲಿ ಬಿಡುವುದನ್ನು ಮರೆತು ಹಾಲ್‌ನ ನಡುವಿನವರೆಗೆ ಬಂದುಬಿಟ್ಟಿದ್ದೆ.

"ನಿಮ್ಮಣ್ಣನ ಗೇಮು ಕಣೆ! ಈಗ ಟಿವಿಲಿ ಆಡೋ ಹಾಗೆ ಹೊಸದಾಗಿ ಮಾಡಿದಾರೆ. ರಾತ್ರಿ ಡೌನ್‌ಲೋಡ್ ಹಾಕಿ ಮಲಗಿದ್ದೆ. ಭಾವನಿಗೆ ಸರ್ಪ್ರೈಸು. ಹೆಂಗೆ?"

ನಿಮ್ಮಣ್ಣನ ಗೇಮು. ಪ್ರತಿ ಮದುವೆಮನೆಯಲ್ಲಿ, ಪ್ರತಿ ನಾಮಕರಣದಲ್ಲಿ ಅಣ್ಣ ಈ ಆಟದ ಕಥೆ ಹೇಳಿ ಹೇಳಿ ಅದು ಅವನ ಹೆಸರಿಗೆ ಖಾತೆಯಾಗಿಹೋಗಿದೆ. ಹಾಗಾಗಿ ನಿಜವಾದ ಕಥೆಯನ್ನು ಒಂದು ಸಲ ಹೇಳುತ್ತೇನೆ.

ನಾವು ಚಿಕ್ಕವರಿದ್ದಾಗ ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಅಣ್ಣನ ಓದಿಗೆಂದು. ಅಮ್ಮ ಅದಕ್ಕೆ ಹಳೆಯ ರೇಷ್ಮೆ ಸೀರೆಯ ಸೆರಗಿನಿಂದ ಮುಸುಕು ಹೊಲಿದರು. ಆಯುಧಪೂಜೆಯ ದಿನ ಮಾನಿಟರಿನ ಹಣೆಗೆ ಕುಂಕುಮ. ಎಂಜಲು ಕೈಯಲ್ಲಿ ಯಾರೂ ಮುಟ್ಟಕೂಡದೆಂದು ಅಪ್ಪನ ಕಟ್ಟಪ್ಪಣೆ. ಅಣ್ಣನ ಸ್ನೇಹಿತನೊಬ್ಬ ಕೊಟ್ಟ ಸಿಡಿಯಲ್ಲಿ ಈ ಆಟ ಬಂತು. ಮುಚ್ಚಿಹೋದ ಹೋಟೆಲಿಗೆ ಪಿಯಾನೊ ರಿಪೇರಿ ಮಾಡಲು ಬಂದವನೊಬ್ಬ ಅಲ್ಲೇ ಸಿಕ್ಕಿಬೀಳುತ್ತಾನೆ. ಓಟವಿಲ್ಲ, ಗುಂಡಿಲ್ಲ. ಚಿತ್ರದ ಮೇಲೆ ಬಾಣವನ್ನು ಓಡಿಸಿ, ಸಿಕ್ಕಿದ್ದರ ಮೇಲೆ ಮೌಸ್ ಒತ್ತಬೇಕು. ಮುರಿದ ಕೊಡೆ, ಮೋಂಬತ್ತಿಯ ತುಂಡು, ಒಂಟಿ ಕಾಲುಚೀಲ, ಎಲ್ಲವನ್ನೂ ಎತ್ತಿ ಕೋಟಿನೊಳಗೆ ಸೇರಿಸಬೇಕು. ಎಂದಾದರೂ ಬೇಕಾಗುತ್ತದೆ. ಇದೇ ನಂಬಿಕೆಯಿಂದ ನಾನು ರಬ್ಬರ್ ಬ್ಯಾಂಡು, ಖಾಲಿ ಜಾಮ್ ಬಾಟಲಿ ಎತ್ತಿಟ್ಟರೆ ಗಂಡ ಅದನ್ನು ಕಸ ಎನ್ನುತ್ತಾರೆ.

ಆಟದ ಪಾತ್ರಗಳೆಲ್ಲ ಇಂಗ್ಲಿಷಿನಲ್ಲಿ, ಅದೂ ಬಲು ಡೊಂಕು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವು. ಮಾತೆಲ್ಲ ಚಿತ್ರದ ಕೆಳಗೆ ಅಕ್ಷರಗಳಲ್ಲಿ ಬರುತ್ತಿತ್ತು, ಅಣ್ಣನಿಗೆ ಅದು ತಿಳಿಯುತ್ತಿರಲಿಲ್ಲ. ನಾನು ಕಾನ್ವೆಂಟಿನವಳು. ಗಟ್ಟಿಯಾಗಿ ಓದುವಾಗ ಕೈಗಳನ್ನು ಹಿಂದಕ್ಕೆ ಕಟ್ಟಿಕೊಳ್ಳಬೇಕೆಂದು ಸಿಸ್ಟರ್ ಕಲಿಸಿದ್ದರು. ಮನೆಯಲ್ಲೂ ಹಾಗೆಯೇ, ಅಣ್ಣನ ಕುರ್ಚಿಯ ಹಿಂದೆ ಕೈಕಟ್ಟಿ ನಿಂತು ಓದುತ್ತಿದ್ದೆ, ಅರ್ಥ ಹೇಳುತ್ತಿದ್ದೆ, ಯಾವುದನ್ನು ಯಾವುದಕ್ಕೆ ಸೇರಿಸಬೇಕೆಂದು ಯೋಚಿಸಿ ಹೇಳುತ್ತಿದ್ದೆ. ನನ್ನ ಕೈ ಹಿಂದೆ ಇದ್ದದ್ದು ಅಣ್ಣನಿಗೆ ಬಹಳ ಅನುಕೂಲವಾಯಿತು. ಮೌಸ್ ಅವನದು. "ನೀನು ಹೇಳು, ನಾನು ಆಡ್ತೀನಿ" ಎನ್ನುತ್ತಿದ್ದ, ಏನೋ ಸಮಪಾಲು ಹಂಚಿದವನ ಹಾಗೆ.

ನಾವು ಕೊನೆಯ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡೆವು. ಅಟ್ಟದ ಬಾಗಿಲು, ಬೀಗ ಹಾಕಿದೆ, ಕೀಲಿ ಇಲ್ಲ. ಬಾಗಿಲ ಮುಂದಿನ ಕೆಂಪು ಕಾರ್ಪೆಟ್ಟಿನ ಎಡ ತುದಿ ಸ್ವಲ್ಪ ಎದ್ದಿತ್ತು. "ಅಲ್ಲೇನೋ ಇದೆ, ನಿಧಾನಕ್ಕೆ ನೋಡೋ" ಎಂದೆ. ಅಣ್ಣನ ಬಾಣ ಸ್ಟಾಪಿನಲ್ಲಿ ನಿಲ್ಲಿಸದ ಸಿಟಿ ಬಸ್ಸಿನ ಹಾಗೆ ಅದರ ಮೇಲೆ ಹಾದುಹೋಯಿತು. "ನೋಡಿದೆ. ಏನೂ ಇಲ್ಲ." ಇನ್ನೊಮ್ಮೆ ಹೇಳಿದೆ. ಇನ್ನೊಮ್ಮೆ ಬಸ್ಸು ಹೋಯಿತು. ಹೀಗೇ ವರ್ಷಗಳು ಕಳೆದು ನನ್ನ ಮದುವೆ ಗೊತ್ತಾಯಿತು, ಆಮೇಲೆ ಕಂಪ್ಯೂಟರನ್ನು ಹಳೆ ಸಾಮಾನಿನವನಿಗೆ ಕೊಟ್ಟರು. ಈ ವಯಸ್ಸಿನಲ್ಲಿ ಹೇಳಿಕೊಂಡರೆ ಜನ ನಗುತ್ತಾರೆ, ಆದರೂ ಆಸೆ ಆಸೆಯೇ. ಆ ಬಾಗಿಲನ್ನು ಒಂದು ಸಲ ನನ್ನ ಕೈಯಿಂದ ತೆರೆಯಬೇಕು. ಪಕ್ಕದಲ್ಲಿ ನಿಂತು ಹೇಳಿಕೊಟ್ಟಲ್ಲ, ನನ್ನ ಕೈಯಿಂದ.

"ನಾನೊಂದು ಸಲ ನೋಡ್ಲಾ?" ಎಂದು ಗಂಡನನ್ನು ಕೇಳಿದೆ.

"ತಾಳೆ, ಭಾವ ಬರ್ಲಿ. ಅವ್ರ ಗೇಮು, ಅವ್ರೇ ಶುರು ಮಾಡ್ಬೇಕು. ನೀನು ಸಾರಿಗೆ ಇಡು."

ಅಣ್ಣ ಕೆ.ಆರ್. ಪುರದಿಂದ ಮೆಟ್ರೊದಲ್ಲಿ ಬಂದ. ಟಿವಿ ನೋಡಿದವನೇ ಬಾಗಿಲಲ್ಲೇ ಎರಡು ಕೈ ಎತ್ತಿದ. "ಭಾವಾ! ಏನ್ ಭಾವಾ ಇದು!" ಗಂಡ, "ಬನ್ನಿ ಭಾವಾ, ಕೂತ್ಕೊಳ್ಳಿ ಭಾವಾ" ಎಂದರು. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದರಿಂದ ಇಬ್ಬರು ಸೇರಿದರೆ ಮನೆಯಲ್ಲಿ ಬೇರೆ ಶಬ್ದವೇ ಕೇಳುವುದಿಲ್ಲ. ಆಟ ಆಡಿಸುವ ಕಂಟ್ರೋಲರ್ ಕೈಯಿಂದ ಕೈಗೆ ಹೋಯಿತು. ನನ್ನ ಪಕ್ಕದಿಂದಲೇ ಹೋಯಿತು.

ಹೊಸ ಆಟದ ಚೆಂದವನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ಕೈಮಕ್ಕೆ ಕೊಬ್ಬರಿ, ಹುರಿಗಡಲೆ ಕಲಸುತ್ತಾ ನೋಡಿದೆ. ಹಳೆಯ ಹೋಟೆಲಿನ ಧೂಳು, ಜೇಡರ ಬಲೆ, ಗೋಡೆಯ ತೇವ ಎಲ್ಲ ಮಾಯ. ಗೃಹಪ್ರವೇಶಕ್ಕೆ ಸುಣ್ಣ ಬಣ್ಣ ಹೊಡೆಸಿದ ಹಾಗಿದೆ. ದೆವ್ವ ಇದ್ದರೂ ಬಾಡಿಗೆ ಕೇಳಿ ಓಡಿಹೋಗಬೇಕು. ಮೌಸಿಗೆಂದು ಮಾಡಿದ ಬಾಣವನ್ನು ಈಗ ಹೆಬ್ಬೆರಳಿನ ಗುಂಡಿಯಿಂದ ತಳ್ಳಬೇಕಾದ್ದರಿಂದ ಅದು ಒಮ್ಮೆ ಕೆಸರಿನಲ್ಲಿ ಎಮ್ಮೆಯಂತೆ ಹೋಗುತ್ತದೆ, ಒಮ್ಮೆ ಅದೇ ಎಮ್ಮೆಗೆ ಹುಚ್ಚು ಹಿಡಿದಂತೆ. ಮೋಂಬತ್ತಿ ಮುಟ್ಟಲು ಹೊರಟ ಅಣ್ಣ ನಾಲ್ಕು ಸಲ ಕಿಟಕಿಯ ಪರದೆ ಮುಟ್ಟಿದ. ಅಕ್ಷರಗಳು ಮೇಜಿನ ಮುಂದೆ ಕೂತವರಿಗೆ ಬರೆದದ್ದು, ಸೋಫಾದಿಂದ ಕಾಣುವುದಿಲ್ಲ.

"ಏ, ಏನಂತೆ ಕಣೆ ಅವ್ನು? ಓದು ಸ್ವಲ್ಪ," ಎಂದ ಅಣ್ಣ, ನನ್ನ ಕಡೆ ತಿರುಗದೆ.

ಓದಿದೆ. ಕೈ ಹಿಂದೆ ಕಟ್ಟಿರಲಿಲ್ಲ, ಕೈಮ ಮೆತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಉಪಕಾರ ಒಂದು ಗುಂಡಿ. ಅದನ್ನು ಒತ್ತಿದರೆ ಮುಟ್ಟಬಹುದಾದದ್ದೆಲ್ಲ ಪಳಪಳ ಹೊಳೆಯುತ್ತದೆ. ಹುಡುಕುವುದೇ ಆಟವಾಗಿದ್ದ ಆಟದಲ್ಲಿ ಹುಡುಕುವುದನ್ನೇ ತೆಗೆದುಹಾಕಿದ್ದಾರೆ. ಅಕ್ಕಿ ಆರಿಸುವವಳ ಮುಂದೆ ಕಲ್ಲುಗಳೇ ಎದ್ದು ನಿಂತು ನಮಸ್ಕಾರ ಮಾಡಿದ ಹಾಗೆ. ಜೊತೆಗೆ ಟ್ರೋಫಿಗಳು. ಆ ಮನುಷ್ಯ ಒಂದು ಕಿಟಕಿ ತೆರೆದ, ಟಿಂಗ್ ಎಂದು ಟ್ರೋಫಿ ಬಂತು. ಗಂಡ, "ಭಲೇ ಭಾವಾ!" ಎಂದರು. ಬೆಳಿಗ್ಗೆ ನಾನು ಈ ಮನೆಯ ಕಿಟಕಿಗಳನ್ನೆಲ್ಲ ತೆರೆದಿದ್ದೆ. ನಮ್ಮ ಕಿಟಕಿಗಳಿಗೆ ತುಕ್ಕು ಬೇರೆ ಹಿಡಿದಿದೆ.

ಆಟವನ್ನು ಯಾವ ಅಧ್ಯಾಯದಿಂದ ಬೇಕಾದರೂ ಶುರುಮಾಡಬಹುದಂತೆ. ಒಂದು ಗಂಟೆ ಆಡಿದ ಮೇಲೆ ಅಣ್ಣನಿಗೆ ತಾಳ್ಮೆ ಮುಗಿಯಿತು. "ನೇರ ಅಟ್ಟಕ್ಕೇ ಹೋಗೋಣ ಭಾವಾ" ಎಂದ. ನಾನು ಒಲೆ ಸಣ್ಣ ಮಾಡಿ ಹಾಲ್‌ಗೆ ಬಂದೆ.

ಅದೇ ಬಾಗಿಲು. ಅದೇ ಕೆಂಪು ಕಾರ್ಪೆಟ್ಟು. ಗಂಡ "ಆ ಗುಂಡಿ ಒತ್ತಿ ಭಾವಾ" ಎಂದರು, ಅಣ್ಣ ಒತ್ತಿದ. ಎಡ ತುದಿಯಲ್ಲಿ, ಎದ್ದಿದ್ದ ಅಂಚಿನ ಕೆಳಗೆ, ಒಂದು ಹೇರ್‌ಪಿನ್ನು ದೀಪಾವಳಿಯ ಸುರುಸುರು ಬತ್ತಿಯ ಹಾಗೆ ಮಿನುಗಿತು.

ಅವನೇ ಹೇಳಲಿ ಎಂದು ಕಾದೆ.

"ಅಯ್ಯೋ, ಇಲ್ಲೇ ಇತ್ತಲ್ಲ ಭಾವಾ! ಆಗಿನ ಮಾನಿಟರ್‌ಗಳು ಏನೇನೂ ಸರಿ ಇರ್ಲಿಲ್ಲ."

"ನಾನು ಹೇಳಿದ್ದೆ," ಎಂದೆ.

"ಏನ್ ಹೇಳಿದ್ದೆ?"

"ಎಡಗಡೆ ತುದಿ. ನಿಧಾನಕ್ಕೆ ನೋಡು ಅಂತ."

"ಹೌದಾ? ನೀನು ಎಲ್ಲಾ ಕಡೇನೂ ನೋಡು ಅಂತಿದ್ದೆ ಬಿಡೆ. ಭಾವಾ, ಇವ್ಳು ಎಷ್ಟು ತಲೆ ತಿಂತಿದ್ಲು ಗೊತ್ತಾ ಆಗ?"

ಇಷ್ಟು ವರ್ಷ ನನ್ನೊಳಗೆ ಇಟ್ಟುಕೊಂಡಿದ್ದ ಸತ್ಯ ಹೊರಗೆ ಬಂದು, ಮಿನುಗಿ, ಯಾರಿಗೂ ಬೇಡವಾಗಿ ಹೋಯಿತು. ಸರಿ, ಬಾಗಿಲಾದರೂ ಉಳಿದಿದೆಯಲ್ಲ. ಹೊಸ ಆಟದಲ್ಲಿ ಬೀಗ ತೆಗೆಯುವುದಕ್ಕೆ ಒಂದು ಸರ್ಕಸ್ಸು ಸೇರಿಸಿದ್ದರು. ಪಿನ್ನನ್ನು ಒಂದು ಹೆಬ್ಬೆರಳಿನಿಂದ ಎತ್ತಿ ಹಿಡಿದು, ಇನ್ನೊಂದರಿಂದ ಮೆಲ್ಲಗೆ ತಿರುಗಿಸಬೇಕು. ಅವಸರ ಮಾಡಿದರೆ ಪಿನ್ನು ಜಾರುತ್ತದೆ, ಕಂಟ್ರೋಲರ್ ಗುರ್ ಎಂದು ನಡುಗುತ್ತದೆ. ಅಣ್ಣ ಜಾರಿಸಿದ. ಗಂಡ ಇಸಿದುಕೊಂಡು ಜಾರಿಸಿದರು. "ಕೊಡಿ ಭಾವಾ", "ತಾಳಿ ಭಾವಾ", ಗುರ್. ನಾನು ಕೈ ಚಾಚಿದೆ. ಅಣ್ಣ ಖಾಲಿ ಕಾಫಿ ಲೋಟವನ್ನು ನನ್ನ ಕೈಗಿಟ್ಟ.

ಅಡುಗೆಮನೆಗೆ ಹೋದೆ. ಮಧ್ಯಾಹ್ನಕ್ಕೆ ಅನ್ನಕ್ಕೆಂದು ಅಕ್ಕಿ ನೆನೆಸಿಟ್ಟಿದ್ದೆ. ಅದನ್ನು ಪಕ್ಕಕ್ಕೆ ಸರಿಸಿ, ನೀರು ಕಾಯಲು ಇಟ್ಟು, ರಾಗಿ ಹಿಟ್ಟಿನ ಡಬ್ಬ ತೆಗೆದೆ.

ಅನ್ನವನ್ನು ಸ್ಪೂನಿನಲ್ಲಿ ತಿನ್ನಬಹುದು, ಟಿವಿ ನೋಡುತ್ತಾ ಒಂದು ಗಂಟೆ ತಿನ್ನಬಹುದು. ಮುದ್ದೆಯನ್ನು ಹಾಗೆ ತಿನ್ನಲಾಗದು. ಬಿಸಿಯಲ್ಲೇ ಮುರಿಯಬೇಕು, ಬೆರಳಲ್ಲೇ ಮುರಿಯಬೇಕು, ಸಾರಿನಲ್ಲಿ ಹೊರಳಿಸಿ ನುಂಗಬೇಕು. ಆರಿದರೆ ಗೋಡೆಗೆ ಹೊಡೆದರೂ ಗೋಡೆಯೇ ಬೀಳುತ್ತದೆ. ನಮ್ಮ ಮನೆತನದಲ್ಲಿ ಕೈಮ ಉಂಡೆ ಸಾರಿನ ಜೊತೆ ಬಿಸಿ ಮುದ್ದೆ ತಟ್ಟೆಗೆ ಬಿದ್ದಮೇಲೆ "ಒಂದ್ನಿಮಿಷ" ಎಂದ ಗಂಡಸು ಇನ್ನೂ ಹುಟ್ಟಿಲ್ಲ. ಮತ್ತು ಆ ಕಂಟ್ರೋಲರಿಗೆ ಎರಡು ಹೆಬ್ಬೆರಳು ಬೇಕು.

ಮುದ್ದೆ ಕೋಲಿನಿಂದ ತಿರುವಿದೆ. ಅಂಗೈಗೆ ನೀರು ಸವರಿಕೊಂಡು ಕಟ್ಟಿದೆ, ಎಂದಿಗಿಂತ ದೊಡ್ಡದಾಗಿ. ಸಾರನ್ನು ಎಂದಿಗಿಂತ ಧಾರಾಳವಾಗಿ ಸುರಿದೆ. ತಟ್ಟೆಗಳನ್ನು ಸೋಫಾದ ಮುಂದೆಯೇ ತಂದಿಟ್ಟೆ.

"ಮುದ್ದೇನಾ!" ಎಂದ ಅಣ್ಣ. ಅವನ ಮುಖ ಮಗುವಿನ ಹಾಗಾಯಿತು. "ಅನ್ನ ಅಂದಿದ್ದೆ?"

"ನೀನು ಅಪರೂಪಕ್ಕೆ ಬಂದಿದೀಯ ಅಂತ. ಬಿಸಿ ಇದೆ, ಮುರಿ."

ಮುರಿದ. ಗಂಡನೂ ಮುರಿದರು. ಇಬ್ಬರ ಬೆರಳುಗಳೂ ಸಾರಿನಲ್ಲಿ ಮುಳುಗಿದ ಮೇಲೆ ನಾನು ಸೋಫಾದ ಮೇಲಿದ್ದ ಕಂಟ್ರೋಲರನ್ನು ಸೆರಗಿನಿಂದ ಒರೆಸಿ ಎತ್ತಿಕೊಂಡೆ, ಎದುರಿನ ಕುರ್ಚಿಯಲ್ಲಿ ಕೂತೆ.

"ಏ ಏ ಏ, ಮುಟ್ಬೇಡ! ಊಟ ಮಾಡಿ ಬರ್ತೀನಿ, ಇರು!"

"ನೀನು ಹೇಳು," ಎಂದೆ. "ನಾನು ಆಡ್ತೀನಿ."

ಎದ್ದು ಕಸಿದುಕೊಳ್ಳಲು ಕೈ ಎಂಜಲು. ಅಪ್ಪ ಹೋಗಿ ಎಷ್ಟೋ ವರ್ಷವಾದರೂ ಅವರ ಅಪ್ಪಣೆ ಅಣ್ಣನ ಮಣಿಕಟ್ಟಿನಲ್ಲೇ ಕೂತಿತ್ತು. ಬಾಯಿ ಮಾತ್ರ ಖಾಲಿಯಾದಾಗಲೆಲ್ಲ ಓಡಿತು. "ಎಡಕ್ಕೆ! ಎಡಕ್ಕೆ ಕಣೆ! ಜಾಸ್ತಿಯಾಯ್ತು! ಭಾವಾ, ಹೇಳಿ ನೀವಾದ್ರೂ!" ಗಂಡನ ಬಾಯಲ್ಲಿ ಉಂಡೆ ಇತ್ತು. ಮೊದಲ ಸಲ ನನ್ನ ಪಿನ್ನೂ ಜಾರಿತು. "ನೋಡಿದ್ಯಾ! ಹೇಳಿದ್ನಲ್ಲ!" ಎಂದ ಅಣ್ಣ, ಗೆದ್ದವನಂತೆ. ಎರಡನೆಯ ಸಲ ಉಸಿರು ಹಿಡಿದು, ಅವನು ಹೇಳಿದ ಎಡವನ್ನು ಬಿಟ್ಟು, ಕಂಟ್ರೋಲರ್ ಗುರ್ ಎನ್ನುವ ಮೊದಲೇ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದೆ. ಕಟಕ್ ಎಂದಿತು.

ಬಾಗಿಲು ತೆರೆಯಿತು.

ಒಳಗೆ ಒಂದು ಕುರ್ಚಿ, ಒಂದು ಹಳೆಯ ಪಿಯಾನೊ, ಹೊರಗೆ ಹಿಮ ನಿಂತಿತ್ತು. ಕೋಟಿನ ಮನುಷ್ಯ ಪಿಯಾನೊದ ಒಂದು ಕೀಯನ್ನು ಒತ್ತಿ, ಕೇಳಿ, ತಲೆಯಾಡಿಸಿದ. ಅಷ್ಟೇ. ಆಟ ಮಾಡಿದವರ ಹೆಸರುಗಳು ಸಾಲಾಗಿ ಮೇಲೇರತೊಡಗಿದವು.

"ಇಷ್ಟೇನಾ?" ಎಂದರು ಗಂಡ. "ಇಷ್ಟಕ್ಕೆ ಇಷ್ಟು ವರ್ಷಾನಾ?"

ನನಗೆ ಇಷ್ಟೇ ಸಾಕಾಗಿತ್ತು. ಹೆಬ್ಬೆರಳಲ್ಲಿ ಆ ಕಟಕ್ ಇನ್ನೂ ಇತ್ತು. ಟಿಂಗ್ ಎಂದು ಟ್ರೋಫಿ ಬಿತ್ತು, ಕೆಳಗೆ ಗಂಡನ ಹೆಸರು ಮೂಡಿತು. ಟಿವಿಗೆ ಜೋಡಿಸಿದ ಆಟದ ಪೆಟ್ಟಿಗೆ ಅವರ ಹೆಸರಿನಲ್ಲಿರುವುದರಿಂದ ಈ ಮನೆಯಲ್ಲಿ ಯಾರು ಏನು ಮಾಡಿದರೂ ಟ್ರೋಫಿ ಅವರಿಗೇ. ಅಣ್ಣ ಇನ್ನರ್ಧ ಮುದ್ದೆ ಕೇಳಿದ. ಹಾಕಿದೆ, ಸಂತೋಷವಾಗಿಯೇ ಹಾಕಿದೆ.

ಸಂಜೆ ಅಣ್ಣ ಹೊರಟ ಸ್ವಲ್ಪ ಹೊತ್ತಿಗೆ, ಒಣಗಿದ ಬಟ್ಟೆ ತರಲು ಟೆರೇಸಿಗೆ ಹೋದೆ. ಎದುರು ಮನೆಯಾಕೆ ಆಗಲೇ ಅಲ್ಲಿದ್ದರು. ಹುಬ್ಬಳ್ಳಿಯವರು, ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋಗುವವರು, ಭಾನುವಾರ ಮಾತ್ರ ಮಾತಿಗೆ ಸಿಗುತ್ತಾರೆ. ಬೆಡ್‌ಶೀಟಿನ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಮಡಚುತ್ತಾ ಹೇಳಿದರು:

"ನಿಮ್ಮ ಅಣ್ಣಾರು ಕೆಳಗ ಲಿಫ್ಟಿನ ಹತ್ರ ಭೆಟ್ಟಿ ಆಗಿದ್ರು ನೋಡ್ರಿ. ಅದ್ಯಾವ್ದೋ ಹಳೇ ಆಟಾ ಇವತ್ತು ಮುಗಿಸಿದ್ವಿ ಅಂದ್ರು. ಎಲ್ಲಾ ತಾವಾ ಆಡಿ, ಕಡೀ ಬಾಗಲಾ ಒಂದು ತಂಗೀ ಕೈಲೆ ತಗಸಿದ್ನಿ, ಆಕೀಗೂ ಖುಷಿ ಆಗ್ಲಿ ಅಂತ, ಅಂದ್ರು. ಅಂಥಾ ಅಣ್ಣಾ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕ್ರಿ... ಆ ತುದೀ ಸ್ವಲ್ಪ ಜಗ್ಗಿ ಹಿಡೀರಿ, ಸುಕ್ಕಾಗಾಕತ್ತೈತಿ."