ವೇರಸ್ಸನ್ನು ವೈರಸ್ ಎಂದು ಓದಿದ್ದು

ನಮ್ಮ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳು ನಾನೊಬ್ಬಳೇ ಎಂಬ ಜಂಬ ನನಗಿತ್ತು. ಅದು ಇಳಿದದ್ದು ಮಗಳು ಹುಟ್ಟಿದ ವಾರದಲ್ಲಿ.

ಬಾಣಂತನಕ್ಕೆ ಮಿರ್ಲೆಯ ತವರಿಗೆ ಬಂದಿದ್ದೆ. ಮಗುವಿನ ಎರಡೂ ಪಾದ ಒಳಕ್ಕೆ ತಿರುಗಿಕೊಂಡಿದ್ದವು. ಮೂಳೆ ಡಾಕ್ಟರಿಗೆ ತೋರಿಸಿ ಎಂದು ಹೆರಿಗೆ ಆಸ್ಪತ್ರೆಯವರು ಚೀಟಿ ಬರೆದುಕೊಟ್ಟಿದ್ದರು. ಮನೆಗೆ ಬಂದವಳೇ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ: "ಟಾಲಿಪೆಸ್ ಇಕ್ವೈನೋ ವೈರಸ್."

ವೈರಸ್ ಅಂದ ಮೇಲೆ ಕೇಳಬೇಕೆ! ಕೊರೊನಾ ಕಂಡವರು ನಾವು. ಅವ್ವನಿಗೆ ಮೊದಲೇ ದಮ್ಮು, ಅಂಟಿದರೆ ಗತಿಯೇನು ಎಂದು ನನಗೆ ಜೀವವೇ ಹೋದಂತಾಯಿತು. ಮಗುವನ್ನು ನನ್ನ ಹೊರತು ಯಾರೂ ಮುಟ್ಟಕೂಡದು ಎಂದು ಆಜ್ಞೆ ಹೊರಡಿಸಿದೆ.

ಅವ್ವನೋ, ಊರಿನ ಅರ್ಧ ಮಕ್ಕಳನ್ನು ಕಾಲು ಚಾಚಿ ಮಲಗಿಸಿಕೊಂಡು ನೀರು ಹಾಕಿದವಳು. ಈಗ ಹುಟ್ಟಿದ್ದು ಅವಳ ಮೊದಲ ಮೊಮ್ಮಗಳು. ದಿನವೂ ಹಂಡೆ ಕಾಯಿಸಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಅಲ್ಲೇ ನಿಂತ್ಕೊ ಅವ್ವ!" ಎಂದು ನಾನು ಗದರುತ್ತಿದ್ದೆ. ಒದ್ದೆ ಬಟ್ಟೆಯಲ್ಲಿ ಮಗುವನ್ನು ನಾನೇ ಒರೆಸುತ್ತಿದ್ದೆ. ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ದೂರದಿಂದಲೇ ಕೂಸಿನ ಜೊತೆ ಮಾತಾಡುತ್ತಿದ್ದಳು. ಮೂರು ದಿನ ಹೀಗೇ ಕಳೆಯಿತು.

ನಾಲ್ಕನೇ ದಿನ ಕೆ.ಆರ್. ನಗರದ ಮೂಳೆ ಡಾಕ್ಟರ ಬಳಿ ಹೋದೆವು. "ಸಾರ್, ಈ ವೈರಸ್ ನಮ್ಮವ್ವನಿಗೂ ಅಂಟುತ್ತಾ?" ಎಂದೆ. ಚೀಟಿ ನೋಡಿದ ಡಾಕ್ಟರು ನಗು ತಡೆಯಲಾರದೆ ಟೇಬಲ್ ತಟ್ಟಿದರು.

"ವೈರಸ್ ಅಲ್ಲಮ್ಮ, ವೇರಸ್! ಲ್ಯಾಟಿನ್ ಪದ, ಒಳಕ್ಕೆ ಬಾಗಿದ್ದು ಅಂತ ಅರ್ಥ. ಟಾಲಿಪೆಸ್ ಅನ್ನೋದು ಕಣಕಾಲು, ಪಾದ ಎರಡೂ ಸೇರಿ ಆದ ಮಾತು. ಇಕ್ವೈನೋ ಅಂದ್ರೆ ಕುದುರೆಯದು. ಕುದುರೆ ತುದಿಗಾಲಲ್ಲಿ ನಿಲ್ಲುತ್ತಲ್ಲ, ಹಾಗೇ ಹಿಮ್ಮಡಿ ಮೇಲಕ್ಕೆ ಎದ್ದಿದೆ. ವಾರವಾರ ಪ್ಲಾಸ್ಟರ್ ಹಾಕಿ ತಿದ್ದೋಣ. ಚೆನ್ನಾಗಿ ನಡೀತಾಳೆ."

ನಾಚಿಕೆ, ಸಂತೋಷ ಎರಡೂ ಒಟ್ಟಿಗೇ ನುಗ್ಗಿ ಅಳು ಬಂತು. ಅವ್ವ ಮಾತ್ರ ಸೆರಗಿನ ಹಿಂದೆಯೇ ನಕ್ಕಳು. "ಕುದ್ರೆ ಕಾಲಾ? ಅಂಗಾರೆ ಇವ್ಳನ್ನ ಇಡ್ಯೋರ್ ಯಾರು ಬುಡು!"

ಡಾಕ್ಟರು ಪ್ಲಾಸ್ಟರ್ ಕಲಸಲು ಹೇಳಿ, ಇವತ್ತಿನಿಂದ ಕಾಲಿಗೆ ನೀರು ಸೋಕಿಸುವಂತಿಲ್ಲ ಎಂದರು. ಅವ್ವನ ನಗು ನಿಂತಿತು. ಸೆರಗು ಕೆಳಗಿಳಿಸಿ ಮುಂದೆ ಬಂದಳು.

"ಒಂದಿನ ತಡ್ಕಳಿ ಡಾಕ್ಟ್ರೇ. ನಾಳೀಕೆ ಕರ್ಕೊಂಡ್ ಬತ್ತೀವಿ. ನನ್ ಮೊಮ್ಮಗ್ಳಿಗೆ ನಾನಿನ್ನೂ ಒಂದ್ಸಲಾನೂ ನೀರಾಕಿಲ್ಲ ಕಣ್ರೀ."

ಡಾಕ್ಟರು ನನ್ನನ್ನೊಮ್ಮೆ ನೋಡಿ, ಕೈಗವಸು ಕಳಚಿದರು. ಅವ್ವ ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡೇ ಹೊರಟಳು. ಮಿರ್ಲೆ ಬರುವವರೆಗೂ, ಹಾಲಿಗೆಂದು ಅತ್ತಾಗಲೊಮ್ಮೆ ಬಿಟ್ಟರೆ, ನನಗೆ ಕೊಡಲೇ ಇಲ್ಲ.