ಕೇಳಿಸದೇ ಹೋದ ದೊಡ್ಡಪ್ಪನ ಹೂಂ

ಜಯಕ್ಕ, ಆ ರೆಕಾರ್ಡಿನಲ್ಲಿ ಹಾಡಿರುವುದು ನಿಮ್ಮಪ್ಪನೇ. ಅಲ್ಲ ಎಂದು ನಿಮ್ಮವ್ವನ ಮುಂದೆ ಕೂತು ಹೇಳಿದವನು ನಾನು. ತಪ್ಪು ನನ್ನ ವೈರಿಂಗಿನದು, ದೊಡ್ಡಪ್ಪನ ಗಂಟಲಿನದಲ್ಲ ಎಂದು ತಿಳಿದಾಗ ದೊಡ್ಡವ್ವ ಇನ್ನೂ ಬದುಕಿದ್ದಳು. ಆಗಲೂ ಬಾಯಿ ಬಿಡಲಿಲ್ಲ. ಬರೀ ಅನುಮಾನವಿತ್ತು ಎಂದು ಬರೆಯೋಣ ಅಂತ ಈಗಷ್ಟೇ ಮನಸ್ಸು ಜಾರಿತು — ಇಲ್ಲ, ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ನಿನ್ನ ಎದುರಿಗೆ ಬಂದಾಗಲೆಲ್ಲ ಬೇರೇನೋ ಮಾತಾಡಿ ಎದ್ದು ಹೋಗಿದ್ದೇನೆ. ಅದಕ್ಕೇ ಮದ್ದೂರಿನ ನನ್ನ ಮೈಕ್‌ಸೆಟ್ ಅಂಗಡಿಯಲ್ಲಿ ಬಾಗಿಲು ಅರ್ಧ ಎಳೆದುಕೊಂಡು ಬರೆಯುತ್ತಿದ್ದೇನೆ. ನಮ್ಮನ್ನು ತಿಳಿಯದವರು ಓದಿದರೂ ಅರ್ಥವಾಗಲಿ ಎಂದೇ ಎಲ್ಲ ಬಿಡಿಸಿ ಹೇಳುತ್ತೇನೆ. ನಾಲ್ಕು ಜನರ ಮುಂದೆ ಆಡಿದ ಸುಳ್ಳು, ನಾಲ್ಕು ಜನ ಓದಲಿ.

ಹನಕೆರೆಯಲ್ಲಿ ನಿಮ್ಮ ಮನೆ, ನಮ್ಮ ಮನೆ ಒಂದೇ ಬೀದಿ. ರಕ್ತಸಂಬಂಧ ಇಲ್ಲದಿದ್ದರೂ ನಿಮ್ಮಪ್ಪ ನನಗೆ ದೊಡ್ಡಪ್ಪ, ನಿಮ್ಮವ್ವ ದೊಡ್ಡವ್ವ. ಪೌರಾಣಿಕ ನಾಟಕದಲ್ಲಿ ಅವರದು ಯಾವತ್ತೂ ರಾಜಪಾರ್ಟು. ವೈದ್ಯನಾಥಪುರದಲ್ಲಿ ನಾಟಕ ಆಡಿದಾಗ ನಾನು ಅಪ್ಪನ ಹೆಗಲ ಮೇಲಿದ್ದೆ. ಹಾಡು ಎತ್ತುವ ಮೊದಲು ದೊಡ್ಡಪ್ಪ ಹಾರ್ಮೋನಿಯಂಗೆ ಕಿವಿಕೊಟ್ಟು ಒಂದು 'ಹೂಂ' ಎನ್ನುತ್ತಿದ್ದರು. ಅಬ್ಬಬ್ಬಾ, ಆ ಹೂಂ! ಹೊಟ್ಟೆಯೊಳಗೆ ಕೇಳಿಸುತ್ತಿತ್ತು.

ಮದ್ರಾಸಿನ ಒಂದು ಸಣ್ಣ ಕಂಪನಿ ಅವರನ್ನು ಕರೆಸಿ ಎರಡು ರಂಗಗೀತೆ ಹಾಡಿಸಿತು. ಜೊತೆಗೆ ಹೋಗಿದ್ದವನು ದೊಡ್ಡವ್ವನ ಅಣ್ಣ, ಆತಗೂರಿನವನು. ವಾಪಸು ಬಂದವನೇ ಒಂದು ಮಾತು ಹಬ್ಬಿಸಿದ — ಭಾವನ ಗಂಟಲು ಕಟ್ಟಿತ್ತು, ಕಂಪನಿಯವರು ಬೇರೆ ಯಾರ ಕೈಲೋ ಹಾಡಿಸಿ ಇವರ ಹೆಸರು ಅಚ್ಚು ಹಾಕುತ್ತಾರೆ ಅಂತ. ತಮಾಷೆಗೆ ಅಂದನೋ, ಹೊಟ್ಟೆಕಿಚ್ಚಿಗೆ ಅಂದನೋ. ದೊಡ್ಡಪ್ಪ ಒಂದೇ ಮಾತು ಹೇಳಿದರು: "ನಂದೇ ಗಂಟ್ಲು ಕಣೇ." ದೊಡ್ಡವ್ವ ಆ ಮಾತು ನಂಬಿ ಅಣ್ಣನ ಮನೆಯ ಹೊಸಿಲು ತುಳಿಯುವುದನ್ನೇ ಬಿಟ್ಟಳು. ರೆಕಾರ್ಡು ಅಂಚೆಯಲ್ಲಿ ಬರುವ ಹೊತ್ತಿಗೆ ದೊಡ್ಡಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಪ್ಲೇಯರ್ ಇರಲಿಲ್ಲ. ಯಾರಾದರೂ ಹಾಕಿಸಿಕೊಡುತ್ತೇವೆ ಅಂದರೆ ಅವಳು, "ಅವ್ರೇ ಯೋಳವ್ರಲ್ಲಾ, ಇನ್ನೇನು ಪರೀಕ್ಸೆ ಮಾಡಾದು?" ಎನ್ನುತ್ತಿದ್ದಳು. ಹಾಗೆ ಅದು ಟ್ರಂಕಿನಲ್ಲಿ, ಅವಳ ಧಾರೆ ಸೀರೆಯ ಮಡಿಕೆಯಲ್ಲಿ ಉಳಿಯಿತು.

ನೀನು ನರ್ಸ್ ಕೆಲಸದಿಂದ ನಿವೃತ್ತಳಾಗಿ ಬಂದವಳು ಅವ್ವನಿಗೆ ಅಪ್ಪನ ದನಿ ಕೇಳಿಸಬೇಕೆಂದು ಆಸೆಪಟ್ಟು, ರೆಕಾರ್ಡು ಹಾಕುವ ಒಂದು ಟರ್ನ್‌ಟೇಬಲ್ ತರಿಸಿದೆ. ಹೊಸಬರಿಗೆ ಅಂತಲೇ ಮಾಡಿರುವ ಸಾದಾ ಮಿಷನ್ನು. ಮಗಳೇ ಕೇಳಿದ್ದಕ್ಕೆ ದೊಡ್ಡವ್ವನೂ ಈ ಸಲ ಒಪ್ಪಿದಳು. ಅಂಗಡಿಗೆ ಬಂದು ಫೋನು ನನ್ನ ಕೈಗಿಟ್ಟೆ.

"ಲೋ ಕುಮಾರ, ಇದ್ಕೆ ಫೋನೋ ಪ್ರೀಆಂಪು ಅಂತ ಅದ್ಯಾವ್ದೋ ಡಬ್ಬಿ ಬೇಕಂತೆ ಕಣ್ಲಾ. ಮೂರು ತರದ್ದು ತೋರಿಸ್ತದೆ. ನಂಗೇನ್ ಗೊತ್ತಾಯ್ತದೆ? ಜಾಸ್ತಿ ಬೆಲೆದು ಬ್ಯಾಡ, ಯಾವ್ದು ತಕೊಳ್ಳಾನ ಯೋಳು."

ಆ ಹೆಸರು ನಾನು ಅದೇ ಮೊದಲು ಕೇಳಿದ್ದು. ಗೊತ್ತಿಲ್ಲ ಅಕ್ಕ, ಕೇಳಿ ಹೇಳ್ತೀನಿ — ಇಷ್ಟು ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಆದರೆ ಮಂಡ್ಯದಿಂದ ಮಳವಳ್ಳಿವರೆಗೆ ಸೌಂಡು ಅಂದರೆ ಕುಮಾರ ಎಂದು ಹೆಸರು ಮಾಡಿಕೊಂಡವನು ನಾನು. ಅಂಗಡಿಯಲ್ಲಿ ಬೇರೆ ಗಿರಾಕಿಗಳೂ ನಿಂತಿದ್ದರು.

"ಅಯ್ಯೋ ಬುಡಕ್ಕ, ದುಡ್ಡು ಕೀಳಾಕೆ ಮಾಡಿರೋ ಡಬ್ಬಿ ಅದು. ಊರಿಗೆಲ್ಲ ಕೇಳ್ಸೋ ಮಿಕ್ಸರು ನನ್ನತ್ರ ಅದೆ. ದೊಡ್ಡವ್ವಂಗೆ ಕೇಳ್ಸಾಕಾಗಲ್ವಾ?"

ನಿಮ್ಮ ಮನೆಗೆ ಮಿಕ್ಸರ್, ಸ್ಪೀಕರು ತಂದೆ. ಟರ್ನ್‌ಟೇಬಲ್ಲಿನ ವೈರನ್ನು ಮೈಕು ಸಿಕ್ಕಿಸುವ ಕಡೆಗೆ ಸಿಕ್ಕಿಸಿದೆ. ಮೈಕ್‌ಸೆಟ್ಟಿನ ನಮ್ಮ ಬುದ್ಧಿ ಅಷ್ಟೇ: ಸದ್ದು ಸಣ್ಣದಾದರೆ ಮೈಕಿನ ತೂತಿಗೆ ಹಾಕು, ಗುಂಡಿ ತಿರುಗಿಸು. ದೊಡ್ಡವ್ವ ತಲೆಗೆ ಸ್ನಾನ ಮಾಡಿ, ಕಿರೀಟ ತೊಟ್ಟ ದೊಡ್ಡಪ್ಪನ ಹೂ ಏರಿಸಿದ ಪಟದ ಕೆಳಗೆ ಕೂತಿದ್ದಳು. ಬೀದಿಯವರು ನಡುಮನೆ ತುಂಬಿದ್ದರು.

"ಎತ್ತಾಕ್ ಮುಂಚೆ ಒಂದು ಹೂಂ ಅಂತಾರೆ ನೋಡು," ಅಂದಳು. ಹೊಸ ಸೊಸೆಯ ಹಾಗೆ ನಾಚಿದಳು ಜಯಕ್ಕ, ಆ ವಯಸ್ಸಿನಲ್ಲಿ.

ಸೂಜಿ ಇಟ್ಟೆ. ಸುಯ್ ಅಂತ ಗಾಳಿ ಸದ್ದು, ಆಮೇಲೆ ಕೀಚು ದನಿಯಲ್ಲಿ ಒಂದು ಹಾಡು — ತೆಳ್ಳಗೆ, ಮೂಗಿನಲ್ಲಿ, ಸೊಳ್ಳೆ ಹಾಡಿದ ಹಾಗೆ. ಹೂಂ ಇಲ್ಲವೇ ಇಲ್ಲ. ಗುಂಡಿ ತಿರುಗಿಸಿದಷ್ಟೂ ಸೊಳ್ಳೆ ದೊಡ್ಡದಾಯಿತು. ಯಾರೋ ಹಿಂದೆ ಕಿಸಕ್ಕೆಂದರು.

"ಇವ್ರಲ್ಲ ಕಣಮ್ಮ," ದೊಡ್ಡವ್ವ ನಿನ್ನ ಕೈ ಹಿಡಿದಳು. "ಹೂಂ ಎಲ್ಲಿ? ಇದ್ಯಾರೋ ಬೇರೆಯವ್ರು."

ನೀನು ನನ್ನ ಮುಖ ನೋಡಿದೆ. "ಮಿಸನ್ನು ಸರಿಯಾಗದಾ ನೋಡ್ಲಾ."

ಅಲ್ಲಿ — ಅಲ್ಲೊಂದು ಗಳಿಗೆ ಸಿಕ್ಕಿತ್ತು ನನಗೆ. ಏನೋ ತಪ್ಪಿದೆ ಎಂದು ನನ್ನ ಕಿವಿಗೂ ಬಡಿದಿತ್ತು. ಆ ನಗು ಕೇಳಿ ಮೈಯೆಲ್ಲ ಉರಿಯುತ್ತಿತ್ತು.

"ಮಿಸನ್ನು ಸುಳ್ಳೇಳಲ್ಲ ಕಣಕ್ಕ. ರೆಕಾರ್ಡಲ್ಲಿ ಇರಾದೇ ಅಷ್ಟು. ಬೇರೆ ಯಾರೋ ಹಾಡವ್ರೆ."

ದೊಡ್ಡವ್ವ ಅಳಲಿಲ್ಲ. ಎದ್ದು ಒಳಗೆ ಹೋದಳು. ಮಾರನೆಯ ವಾರ ಆತಗೂರಿಗೆ ಹೋಗಿ ಹಾಸಿಗೆ ಹಿಡಿದಿದ್ದ ಅಣ್ಣನ ಪಕ್ಕ ಕೂತು, "ನೀನ್ ಯೋಳಿದ್ದೇ ದಿಟ ಕಣಣ್ಣಯ್ಯ, ಅವ್ರೇ ನಂಗೆ ಸುಳ್ಳೇಳ್‌ಬುಟ್ರು" ಅಂದಳಂತೆ. ಅಣ್ಣ ಗೋಡೆ ಕಡೆ ಮಗ್ಗುಲಾದನಂತೆ. ಬಂದವಳೇ ಕಿರೀಟದ ಪಟ ಇಳಿಸಿ ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಳು. ಇದನ್ನೆಲ್ಲ ನೀನೇ ನನಗೆ ಹೇಳಿದ್ದು, ಮರುಗುತ್ತ. ನಾನು 'ಪಾಪ' ಎಂದೆ. ಥೂ ನನ್ನ ಬಾಯಿಗೆ!

ಮಂಡ್ಯದ ಒಂದು ಕಲ್ಯಾಣಮಂಟಪದಲ್ಲಿ ಆರತಕ್ಷತೆ ಇತ್ತು. ಮದುಮಗನಿಗೆ ರೆಕಾರ್ಡಿನ ಹುಚ್ಚು, ತನ್ನ ಟರ್ನ್‌ಟೇಬಲ್ ತಂದಿದ್ದ. ಜೊತೆಗೊಂದು ಅಂಗೈಯಗಲದ ತಗಡಿನ ಡಬ್ಬಿ. ಅದೇನಪ್ಪ ಅಂದೆ. ಫೋನೋ ಪ್ರೀಆಂಪು ಅಣ್ಣ ಎಂದು ಅವನೇ ಬಿಡಿಸಿ ಹೇಳಿದ. ರೆಕಾರ್ಡು ಕೊರೆಯುವಾಗಲೇ ದಪ್ಪ ಸ್ವರವನ್ನು ತಗ್ಗಿಸಿ, ಕೀಚು ಸ್ವರವನ್ನು ಏರಿಸಿ ಕೊರೆದಿರುತ್ತಾರಂತೆ. ಅದನ್ನು ಮೊದಲಿನ ಹದಕ್ಕೆ ತರುವುದೂ, ಸೂಜಿಯ ಸಣ್ಣ ಸದ್ದನ್ನು ಎತ್ತುವುದೂ ಈ ಡಬ್ಬಿಯ ಕೆಲಸ. ಕೆಲವು ಮಿಷನ್ನಿನ ಹೊಟ್ಟೆಯೊಳಗೇ ಇರುತ್ತದೆ, ಹಿಂದೆ ಸ್ವಿಚ್ಚು ನೋಡಬೇಕು. ಇಲ್ಲದಿದ್ದರೆ ಹೊರಗಿನದು ಬೇಕೇಬೇಕು. ಹೊಸಬರಿಗೆ ಅಗ್ಗದ್ದೇ ಸಾಕು. ನಿಮ್ಮ ಸೂಜಿಯ ಜಾತಿಗೆ ಹೊಂದುತ್ತದಾ, ಅರ್ಥಿಂಗ್ ವೈರು ಕಟ್ಟಲು ಸ್ಕ್ರೂ ಇದೆಯಾ ನೋಡಿಕೊಂಡರೆ ಆಯಿತು, ಇಲ್ಲದಿದ್ದರೆ ಗುಂಯ್ ಅನ್ನುತ್ತದೆ ಎಂದ.

ಅವನು ಫೋಟೋಗೆ ಹೋದಾಗ ಡಬ್ಬಿ ಕಿತ್ತು, ವೈರನ್ನು ನೇರ ಮೈಕಿನ ತೂತಿಗೆ ಹಾಕಿ ಹೆಡ್‌ಫೋನಿನಲ್ಲಿ ಕೇಳಿದೆ. ಅದೇ ಸೊಳ್ಳೆ. ಹೆಡ್‌ಫೋನು ಕಳಚಿ, ಅವನು ಬರುವ ಮೊದಲೇ ಡಬ್ಬಿಯನ್ನು ಮತ್ತೆ ಜೋಡಿಸಿಟ್ಟೆ.

ನೀನು ತೋರಿಸಿದ್ದ ಮೂರರಲ್ಲಿ ಅಗ್ಗದ್ದನ್ನೇ ತರಿಸಿದೆ. ನನ್ನ ಒಂದು ಹಾರ್ನ್ ಸ್ಪೀಕರಿನ ಬೆಲೆಯೂ ಇಲ್ಲ ಅದಕ್ಕೆ. ಸ್ಕೂಟರಿನಲ್ಲಿಟ್ಟುಕೊಂಡು ಹನಕೆರೆಗೆ ಹೊರಟೆ. ರೈಲ್ವೆ ಗೇಟು ಹಾಕಿತ್ತು. ಏನು ಹೇಳಲಿ? ಮಿಕ್ಸರ್ ಕೆಟ್ಟಿತ್ತು ಅನ್ನಲೇ? ಇವನಿಗೆ ಮೈಕು ತೂತು ಬಿಟ್ಟು ಇನ್ನೇನೂ ಗೊತ್ತಿಲ್ಲ ಎಂದು ಬೀದಿ ನಗುವುದಿಲ್ಲವೇ? ದೊಡ್ಡವ್ವ ಆತಗೂರಿಗೆ ಬೇರೆ ಹೋಗಿ ಬಂದಿದ್ದಾಳೆ, ಈಗ ಹೇಳಿದರೆ — ರೈಲು ಹೋಯಿತು, ಗೇಟು ಎತ್ತಿತು. ನಾನು ಸ್ಕೂಟರ್ ತಿರುಗಿಸಿದೆ. ಮುಂದಿನ ವಾರ, ಹಬ್ಬ ಕಳೆಯಲಿ, ಮದುವೆ ಸೀಸನ್ ಮುಗಿಯಲಿ... ದೊಡ್ಡವ್ವ ಕಾಯಲಿಲ್ಲ.

ಅವಳ ತಿಥಿಗೆ ಭಜನೆಯ ಮೈಕು ಕಟ್ಟಿದವನೂ ನಾನೇ. ಊಟ ಮುಗಿದ ಮೇಲೆ ನೀನು ಆ ಟರ್ನ್‌ಟೇಬಲ್ಲು, ರೆಕಾರ್ಡು ತಂದು ನನ್ನ ವ್ಯಾನಿನಲ್ಲಿಟ್ಟೆ. "ತಕೊಂಡೋಗ್ಲಾ. ಯಾರ್ದೋ ಗಂಟ್ಲು ನಮ್ಮನೇಲಿ ಯಾಕೆ? ನಮ್ಮವ್ವ ಇದ್ರಿಂದ್ಲೇ ಕೊರಗಿ ಹೋದ್ಲು." ನಾನು ತೆಗೆದುಕೊಂಡೆ.

ಅಂಗಡಿಗೆ ಬಂದು ಡಬ್ಬಿ ಜೋಡಿಸಿ, ಅರ್ಥಿಂಗ್ ಕಟ್ಟಿ, ಸೂಜಿ ಇಳಿಸಿದೆ. ಹಾರ್ಮೋನಿಯಂ ಎಳೆಯಿತು. ಆಮೇಲೆ — ಹೂಂ. ಮೇಜು ಗುಂಯ್ಗುಟ್ಟಿತು ಜಯಕ್ಕ. ಅದೇ ಗಂಟಲು, ವೈದ್ಯನಾಥಪುರದ್ದು. ಆ ವಯಸ್ಸಿನ ನನ್ನ ಹೊಟ್ಟೆಗೆ ಗೊತ್ತಿದ್ದದ್ದು ಈ ವಯಸ್ಸಿನ ನನ್ನ ಕಿವಿಗೆ ಗೊತ್ತಾಗಲಿಲ್ಲ. ಪೂರ್ತಿ ಕೇಳಲಾಗದೆ ಸೂಜಿ ಎತ್ತಿಬಿಟ್ಟೆ. ಅಲ್ಲಿಂದೀಚೆಗೆ ಒಂದು ಸಲವೂ ಹಾಕಿಲ್ಲ. ಯಾವ ಮದುವೆಯಲ್ಲಿ ಮೈಕು ಟೆಸ್ಟ್ ಮಾಡುವವನು 'ಹೂಂ' ಅಂದರೂ ಬೆಚ್ಚುತ್ತೇನೆ.

ದೊಡ್ಡಪ್ಪ ಸುಳ್ಳು ಹೇಳಲಿಲ್ಲ. ನಾನು ಹೇಳಿದೆ. ಗಂಡ ತನಗೆ ಮೋಸ ಮಾಡಿದ ಅಂದುಕೊಂಡೇ ಒಂದು ಜೀವ ಹೋಯಿತು, ನನ್ನ ಮರ್ಯಾದೆ ಉಳಿಯಲಿ ಅಂತ. ಅವಳಿಗೆ ಇನ್ನು ಯಾರು ಹೇಳುತ್ತಾರೆ?

ಈ ಕಾಗದ ಇವತ್ತು ರಾತ್ರಿಯೇ ನಿನ್ನ ಕೈ ಸೇರುವಂತೆ ಕಳಿಸುತ್ತೇನೆ, ನಾಳೆ ಬೆಳಿಗ್ಗೆ ನಾನೂ ಬರುತ್ತೇನೆ. ಎಲ್ಲರ ಮುಂದೆ ಇದನ್ನು ನಾನೇ ಓದುತ್ತೇನೆ, ಅವತ್ತು ನಡುಮನೆಯಲ್ಲಿ ಕೂತಿದ್ದವರನ್ನೆಲ್ಲ ಕರೆದಿರು. ಅದು ಮುಗಿಯುವವರೆಗೆ ರೆಕಾರ್ಡು ಹಾಕು ಅನ್ನಬೇಡ. ಅಪ್ಪನ ದನಿ ಕೇಳಿದರೆ ನೀನು ಅತ್ತುಬಿಡುತ್ತೀಯ, ಅಳುತ್ತ ಅಳುತ್ತ ನನ್ನನ್ನು ಮನ್ನಿಸಿಬಿಡುತ್ತೀಯ. ಅದು ಬೇಡ. ಮೊದಲು ನನ್ನ ಮಾತು ಕೇಳು, ಉಗಿಯುವುದಿದ್ದರೆ ಉಗಿ. ಆಮೇಲೆ ಡ್ರಮ್ಮಿನ ಹಿಂದಿನ ಪಟ ತೆಗೆದು ಒರೆಸಿ, ದೊಡ್ಡವ್ವನ ಪಟದ ಪಕ್ಕ ಇಡು. ಮಿಷನ್ನು ಜೋಡಿಸಿಕೊಟ್ಟು ನಾನು ಜಗಲಿಗೆ ಹೋಗಿ ನಿಲ್ಲುತ್ತೇನೆ. ಸೂಜಿ ನೀನೇ ಇಳಿಸು. ಆ ಹೂಂ ಮೊದಲು ನಿಮ್ಮವ್ವನ ಪಟಕ್ಕೆ ಕೇಳಲಿ, ಆಮೇಲೆ ನಿನಗೆ. ಒಳಗೆ ಬಾ ಎಂದು ನನ್ನನ್ನು ಕರೆಯಬೇಡ.